ಒಗಟು, ಮುಂಡಿಗೆ, ಲೆಕ್ಕ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಸಿಂಗಸಂದ್ರವೆಂಬ ಊರುಂಟು. ಅದಕ್ಕೆ ಹಿಂದೆ ಹೊಂಗಸಂದ್ರ, ಮುಂದೆ ಬೊಮ್ಮಸಂದ್ರ. ಕಡಲಿನಿಂದ ನೂರೈವತ್ತು ಮೈಲಿಗೂ ಮಿಕ್ಕ ದೂರದಲ್ಲಿ, ಕಡಲ ಮಟ್ಟಕ್ಕಿಂತ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿ ಇರುವ ಈ ಊರುಗಳ ಹೆಸರಿನ ತುದಿಯಲ್ಲೆಲ್ಲ ಸಮುದ್ರವೇ ಅಡಗಿ ಕುಳಿತಿದೆ. ‘ಸಂದ್ರ’ವೆಂಬುದು ‘ಸಮುದ್ರ’ವೆಂಬ ಮಾತು ಜನರ ನಾಲಗೆಯ ಮೇಲೆ ಸವೆದು ಉಳಿದ ರೂಪ. ಕೆರೆಯನ್ನು ಕಟ್ಟಿಸಿದ ಹಿರಿಯರು ಅದನ್ನು ಸಮುದ್ರವೆಂದು ಕರೆದು ಹಿಗ್ಗಿದರು. ಕೆರೆಯ ಹೆಸರು ಊರಿಗೆ ನಿಂತಿತು. ಉಪ್ಪಿಲ್ಲದ ಸಮುದ್ರ, ಹಡಗಿಲ್ಲದ ಸಮುದ್ರ, ಕೆಲವು ವರ್ಷಗಳಲ್ಲಿ ನೀರೂ ಇಲ್ಲದ ಸಮುದ್ರ ಯಾವುದು ಎಂದು ಕೇಳಿದರೆ, ಈ ಸೀಮೆಯ ಹಿಂದಿನ ಕಾಲದ ಮಗುವು ಥಟ್ಟನೆ ‘ನಮ್ಮೂರು’ ಎಂದು ಹೇಳಿಬಿಡುತ್ತಿತ್ತು. ಊರಿನ ಹೆಸರೇ ಒಂದು ಒಗಟಾಗಿರುವಲ್ಲಿ ಒಗಟಿನ ಪ್ರಸ್ತಾಪವನ್ನು ಆರಂಭಿಸಿದರೆ ಶ್ರೋತೃಗಳು ಆಕ್ಷೇಪಿಸಲಾರರೆಂದು ನಂಬಿದ್ದೇವೆ.

ಒಂದು ಮಳೆಗಾಲದ ಸಂಜೆ ನಾವು ಆ ಊರಿನ ಮಿತ್ರರೊಬ್ಬರ ಮನೆಯಲ್ಲಿದ್ದೆವು. ೧೯೭೦ರ ದಶಕದ ಕೊನೆಯಲ್ಲಿ ಅದರ ದಕ್ಷಿಣಕ್ಕೆ ಎಲೆಕ್ಟ್ರಾನಿಕ್ಸ್ ಸಿಟಿ ತಲೆಯೆತ್ತಿದ ಮೇಲೆ ಸುತ್ತಲ ರಾಗಿಯ ಹೊಲಗಳಲ್ಲಿ ಮಹಡಿಯ ಮೇಲೆ ಮಹಡಿ ಬೆಳೆದಿವೆ. ಮಿತ್ರರ ಮನೆಯೂ ಅಂಥದೊಂದು ಹೊಲದಲ್ಲಿಯೇ ಎದ್ದುದು. ಗುಡುಗಿನೊಡನೆ ವಿದ್ಯುದ್ದೀಪ ಆರಿತು. ಮೇಣದ ಬತ್ತಿಯ ಸುತ್ತ ಕುಳಿತವರು ಐದು ಮಂದಿ: ನಾವು, ನಮ್ಮ ಮಿತ್ರರು, ಎಂಬತ್ತನ್ನು ದಾಟಿದ ಅವರ ತಾಯಿ, ಶಾಲೆಗೆ ಹೋಗುವ ಅವರ ಮೊಮ್ಮಗ, ಮತ್ತು ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿಯ ಕಡೆಯ ಒಬ್ಬ ತರುಣ ಎಂಜಿನಿಯರು. ಕೈಯಲ್ಲಿದ್ದ ಯಂತ್ರಗಳೆಲ್ಲ ಒಂದೊಂದಾಗಿ ಬಡವಾಗುತ್ತ ಬಂದುದರಿಂದ, ಮನುಷ್ಯರು ಮನುಷ್ಯರೊಡನೆ ಮಾತನಾಡುವ ಪ್ರಸಂಗ ಒದಗಿತು.

ಹುಡುಗನು ಮೊದಲು ಆರಂಭಿಸಿದನು. ಹೊಳೆಯ ದಡದಲ್ಲಿ ಒಬ್ಬ ರೈತ. ಅವನೊಡನೆ ಒಂದು ಹುಲಿ, ಒಂದು ಮೇಕೆ, ಒಂದು ಹುಲ್ಲಿನ ಹೊರೆ. ದೋಣಿಯಲ್ಲಿ ತನ್ನೊಡನೆ ಒಂದನ್ನು ಮಾತ್ರ ಒಯ್ಯಬಹುದು. ಹುಲಿಯನ್ನೂ ಮೇಕೆಯನ್ನೂ ಬಿಟ್ಟುಹೋದರೆ ಮೇಕೆ ಉಳಿಯದು. ಮೇಕೆಯನ್ನೂ ಹುಲ್ಲನ್ನೂ ಬಿಟ್ಟರೆ ಹುಲ್ಲು ಉಳಿಯದು. ದಾಟಿಸುವುದು ಹೇಗೆ? ಇದು ನಮ್ಮೆಲ್ಲರ ಬಾಲ್ಯದ ಗೆಳೆಯ. ಯೂರೋಪಿನಲ್ಲಿ ಇದೇ ಲೆಕ್ಕವು ತೋಳ, ಮೇಕೆ, ಕೋಸುಗಳ ರೂಪದಲ್ಲಿ, ಕ್ರಿ. ಶ. ೮೦೪ರಲ್ಲಿ ತೀರಿಕೊಂಡ ಆಲ್ಕ್ವಿನ್ ಎಂಬ ಪಂಡಿತನದೆಂದು ಹೇಳುವ ಸಂಗ್ರಹದಲ್ಲಿ ದೊರೆಯುವುದು. ಹುಡುಗರ ಬುದ್ಧಿಯನ್ನು ಹರಿತಗೊಳಿಸುವುದಕ್ಕೆ ಎಂಬುದೇ ಆ ಸಂಗ್ರಹದ ಹೆಸರು. ಏಳು ಸಲ ದೋಣಿ ನಡೆದರೆ ಕೆಲಸವಾಯಿತು. ಗುಟ್ಟು ಇರುವುದು ನಾಲ್ಕನೆಯ ಸಲದಲ್ಲಿ: ಒಮ್ಮೆ ದಾಟಿಸಿದ ಮೇಕೆಯನ್ನು ಮತ್ತೆ ಹಿಂದಕ್ಕೆ ತರಬೇಕು. ಮುಂದೆ ಹೋಗಬೇಕೆಂಬ ಆತುರವುಳ್ಳವನಿಗೆ ಅದು ಹೊಳೆಯುವುದಿಲ್ಲ.

ಎಂಜಿನಿಯರು ತನ್ನ ಸರದಿಯಲ್ಲಿ ತರ್ಕದ ಸಮಸ್ಯೆಯೊಂದನ್ನು ತೆಗೆದನು. ಎರಡು ಬಾಗಿಲು, ಇಬ್ಬರು ಕಾವಲುಗಾರರು. ಒಂದು ಬಾಗಿಲು ಊರಿಗೆ ಹೋಗುವುದು, ಇನ್ನೊಂದು ಹಾಳುಬಾವಿಗೆ. ಕಾವಲುಗಾರರಲ್ಲಿ ಒಬ್ಬನು ಸದಾ ಸತ್ಯವನ್ನೇ ನುಡಿಯುವನು, ಮತ್ತೊಬ್ಬನು ಸದಾ ಸುಳ್ಳನ್ನೇ. ಯಾರು ಯಾರೆಂದು ತಿಳಿಯದು. ಒಬ್ಬನನ್ನು ಒಂದೇ ಒಂದು ಪ್ರಶ್ನೆ ಕೇಳಬಹುದು. ನಾವು ಗಲ್ಲಕ್ಕೆ ಕೈಹಚ್ಚಿ ಕುಳಿತೆವು. ಮುದುಕಮ್ಮನವರು ಮಾತ್ರ ನಕ್ಕು, “ಸದಾ ಸುಳ್ಳೇ ಹೇಳೋನಾದ್ರೆ ಅವನನ್ನೂ ನಂಬಬೋದಲ್ಲಪ್ಪಾ. ಕಷ್ಟ ಆಗೋದು ಒಂದೊಂದ್ಸಲ ನಿಜ ಹೇಳೋನ ಹತ್ರ” ಎಂದರು. ತರುಣನು ಬೆರಗಾಗಿ, “ಅಜ್ಜೀ, ಕೀಲಿಕೈ ನಿಮ್ಮ ಹತ್ರನೇ ಐತಿ” ಎಂದನು. ನಿಜವಾಗಿಯೂ ಇತ್ತು. ‘ಊರಿನ ಬಾಗಿಲು ಯಾವುದೆಂದು ನಿನ್ನ ಜೊತೆಗಾರನನ್ನು ಕೇಳಿದರೆ ಅವನು ಯಾವುದನ್ನು ತೋರಿಸುವನು?’ ಎಂದು ಕೇಳಬೇಕು. ಸತ್ಯವಂತನಾದರೆ ಸುಳ್ಳುಗಾರನ ಸುಳ್ಳನ್ನು ಇದ್ದಂತೆಯೇ ಹೇಳುವನು. ಸುಳ್ಳುಗಾರನಾದರೆ ಸತ್ಯವಂತನ ಸತ್ಯವನ್ನು ತಿರುಚಿ ಹೇಳುವನು. ಎರಡರಲ್ಲಿಯೂ ಸುಳ್ಳು ಒಂದೇ ಸಲ ಸೇರಿರುವುದರಿಂದ ಅವರು ತೋರಿಸಿದುದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಊರು ಸೇರಬಹುದು.

ಆಮೇಲೆ ಮುದುಕಮ್ಮನವರು ತಮ್ಮದೊಂದನ್ನು ಒಡ್ಡಿದರು. “ಕೆರೆ ತುಂಬಿದ್ರೆ ಅದು ಬರಿದು, ಕೆರೆ ಬರಿದಾದ್ರೆ ಅದು ತುಂಬ್ತದೆ. ಏನದು ಹೇಳಿ?”

ಹುಡುಗನು ಆಟದ ಬಯಲು ಎಂದನು. ಕೆರೆಯ ಅಂಗಳ ಒಣಗಿದಾಗ ಮಕ್ಕಳು ಕ್ರಿಕೆಟ್ ಆಡುವುದಕ್ಕೆ ತುಂಬಿಕೊಳ್ಳುವರಷ್ಟೆ. ಎಂಜಿನಿಯರು, ನೀರಿನ ಟ್ಯಾಂಕರಿನವನ ಜೇಬು ಎಂದನು; ಎಲ್ಲರೂ ನಕ್ಕೆವು, ಬೇಸಗೆಯಲ್ಲಿ ಬೆಂಗಳೂರಿನ ಅಂಚಿನಲ್ಲಿ ವಾಸಮಾಡಿದವರು ಹೆಚ್ಚಾಗಿ ನಕ್ಕೆವು. ಮಿತ್ರರು, ಮಳೆ ಬಾರದಿದ್ದಾಗ ದೇವಸ್ಥಾನ ತುಂಬುವುದು ಎಂದರು. ಮೂರೂ ಸರಿಯೆಂದು ನಮಗೆ ತೋರಿತು. ಮುದುಕಮ್ಮನವರು ಮೂರಕ್ಕೂ ತಲೆಯಲ್ಲಾಡಿಸಿದರು. ಹಾಗಾದರೆ ಉತ್ತರವೇನೆಂದು ಕೇಳಿದಾಗ ಬತ್ತಿಯ ಬೆಳಕಿನಲ್ಲಿ ಅವರ ಮುಖ ಸ್ವಲ್ಪ ಬಾಡಿತು. “ನಂಗೂ ಮರ್ತೋಗದೆ. ನಮ್ಮವ್ವ ಹೇಳಿದ್ದು. ಕೇಳಿ ನಾನು ನಕ್ಕಿದ್ದು ನೆನಪದೆ, ಉತ್ರ ನೆನಪಿಲ್ಲ.”

ಪ್ರಶ್ನೆಯುಳಿದು ಉತ್ತರವಳಿದ ಒಗಟನ್ನು ಅದುವರೆಗೆ ನಾವು ಕಂಡಿರಲಿಲ್ಲ. ಅದು ನಮ್ಮನ್ನು ಮನೆಯವರೆಗೂ ಹಿಂಬಾಲಿಸಿತು. ಅದರ ದೆಸೆಯಿಂದಲೇ ಈ ವಿಷಯದಲ್ಲಿ ನಾಲ್ಕು ಗ್ರಂಥಗಳನ್ನು ತೆರೆದು ನೋಡುವಂತಾಯಿತು; ಇಂದಿನ ಭಾಷಣ ಆ ಓದಿನ ಫಲ.

ಒಗಟೆಂಬುದು ಹಳ್ಳಿಯ ಜಗಲಿಯ ವಸ್ತುವೆಂದು ಪಟ್ಟಣದವರು ಭಾವಿಸುವುದುಂಟು. ಅದು ಹಾಗಲ್ಲ. ಅಶ್ವಮೇಧದಂತಹ ಮಹಾಯಜ್ಞಗಳಲ್ಲಿ ಋತ್ವಿಜರು ಒಬ್ಬರನ್ನೊಬ್ಬರು ಗೂಢಪ್ರಶ್ನೆಗಳಿಂದ ಪರೀಕ್ಷಿಸುವ ಬ್ರಹ್ಮೋದ್ಯವೆಂಬ ಅಂಗವೇ ಇತ್ತು. ಮಹಾಭಾರತದಲ್ಲಿ ಯಕ್ಷನ ಪ್ರಶ್ನೆಗಳನ್ನು ಲೆಕ್ಕಿಸದೆ ನೀರು ಕುಡಿದ ನಾಲ್ವರು ಪಾಂಡವರು ಕೊಳದ ದಡದಲ್ಲಿ ಬಿದ್ದಿರುವರು. ಐದನೆಯವನು ನಿಂತು ಉತ್ತರ ಹೇಳಿ ಅವರನ್ನು ಎಬ್ಬಿಸುವನು. ಅಲ್ಲಿ ಸೋತವನು ತೆರುವುದು ಪ್ರಾಣವನ್ನು. ವಾತ್ಸ್ಯಾಯನನು ಎಣಿಸಿದ ಅರುವತ್ತನಾಲ್ಕು ಕಲೆಗಳಲ್ಲಿ ಪ್ರಹೇಳಿಕೆಯೂ ಒಂದು. ದಂಡಿಯು ಕಾವ್ಯಾದರ್ಶದಲ್ಲಿ ಅದರ ಹದಿನಾರು ಬಗೆಗಳನ್ನು ವಿವರಿಸಿ, ಅದರ ಪ್ರಯೋಜನವೇನೆಂಬುದನ್ನೂ ಹೇಳಿರುವನು: ಗೋಷ್ಠಿಯ ವಿನೋದಕ್ಕೆ, ಜನಸಂದಣಿಯ ನಡುವೆ ಗುಟ್ಟಿನ ಮಾತನ್ನಾಡುವುದಕ್ಕೆ, ಎದುರಾಳಿಯನ್ನು ತಬ್ಬಿಬ್ಬುಗೊಳಿಸುವುದಕ್ಕೆ. ಅವನ ತರುವಾಯ ಬಂದ ಆಲಂಕಾರಿಕರಲ್ಲಿ ಕೆಲವರು ಮೂಗು ಮುರಿದರು. ರಸಕ್ಕೆ ಅಡ್ಡಬರುವ ಪ್ರಹೇಳಿಕೆ ಅಲಂಕಾರವೇ ಅಲ್ಲವೆಂದು ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ತಳ್ಳಿಹಾಕಿರುವನು. ಅವನು ಸಿಂಗಸಂದ್ರದ ಹಜಾರದಲ್ಲಿ ಆ ಸಂಜೆ ಕುಳಿತಿದ್ದರೆ ಏನನ್ನುತ್ತಿದ್ದನೋ!

ನಮ್ಮ ನಾಡಿನ ಅರಸರಿಗೆ ಇಂತಹ ಮಡಿವಂತಿಕೆ ಇರಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಅರಸನು ಆಡಬೇಕಾದ ಕ್ರೀಡೆಗಳ ಸಾಲಿನಲ್ಲಿ ಚದುರಂಗ ಪಗಡೆಗಳ ಜೊತೆಗೆ ಪ್ರಹೇಳಿಕಾಕ್ರೀಡೆಗೂ ಸ್ಥಾನವುಂಟು. ಆದರೆ ಈ ವಿಷಯದಲ್ಲಿ ಕನ್ನಡಿಗರು ಹೆಮ್ಮೆಪಡಬೇಕಾದ ಕಾಲ ಅದಕ್ಕಿಂತಲೂ ಮುನ್ನೂರು ವರ್ಷ ಹಿಂದಿನದು.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಕ್ರಿ. ಶ. ೮೧೪ರಿಂದ ಸುಮಾರು ೮೭೮ರವರೆಗೆ ಆಳಿದನು. ಅವನ ಆಸ್ಥಾನದ ಹೆಸರಿನೊಡನೆ ಕವಿರಾಜಮಾರ್ಗವನ್ನು ನಾವೆಲ್ಲರೂ ನೆನೆಯುತ್ತೇವೆ. ಪ್ರಶ್ನೆಯೂ ಉತ್ತರವೂ ಒಂದರ ಬೆನ್ನಿಗೊಂದು ಬರುವ ಪ್ರಶ್ನೋತ್ತರರತ್ನಮಾಲಿಕೆ ಎಂಬ ಸಂಸ್ಕೃತ ಕೃತಿ ಈ ಅರಸನದೇ ಎಂಬ ಸಂಪ್ರದಾಯವೂ ಉಂಟು. ಅದೇ ಕಾಲದಲ್ಲಿ, ಅದೇ ಅರಸನನ್ನು ಹೊಗಳುತ್ತ, ಮಹಾವೀರಾಚಾರ್ಯನೆಂಬ ಜೈನ ಪಂಡಿತನು ಗಣಿತಸಾರಸಂಗ್ರಹವನ್ನು ರಚಿಸಿದನು. ಅದಕ್ಕೂ ಹಿಂದಿನ ಲೆಕ್ಕದ ಗ್ರಂಥಗಳಲ್ಲಿ ಬಹುಪಾಲು ಜ್ಯೋತಿಷ್ಯದ ಬಾಲವಾಗಿದ್ದುವು. ಗ್ರಹಗತಿಯನ್ನು ಬಿಟ್ಟು ಲೆಕ್ಕಕ್ಕಾಗಿಯೇ ಲೆಕ್ಕವನ್ನು ಬರೆದುದು ಈತನ ಹೆಚ್ಚುಗಾರಿಕೆ. ಒಂಬತ್ತು ಪ್ರಕರಣಗಳು, ಸಾವಿರಕ್ಕೆ ಮೇಲ್ಪಟ್ಟ ಶ್ಲೋಕಗಳು. ಬಹುಕಾಲ ತಾಳೆಯೋಲೆಯಲ್ಲಿದ್ದ ಈ ಗ್ರಂಥವನ್ನು ಎಂ. ರಂಗಾಚಾರ್ಯರು ಶೋಧಿಸಿ, ಇಂಗ್ಲಿಷಿಗೂ ಅನುವಾದಿಸಿ, ೧೯೧೨ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಅದನ್ನು ತೆರೆದು ನೋಡಿದರೆ ಶುಷ್ಕವಾದ ಸೂತ್ರಗಳ ನಡುವೆ ಒಂದು ಲೋಕವೇ ಕಾಣುವುದು: ಪ್ರಣಯಕಲಹದಲ್ಲಿ ಹರಿದು ಚದುರಿದ ಮುತ್ತಿನ ಹಾರ, ಹಂಚಿಕೊಳ್ಳುವ ಮಾವಿನ ಹಣ್ಣುಗಳು, ದಾರಿ ನಡೆಯುವ ವರ್ತಕರು.

ಆ ವರ್ತಕರ ಲೆಕ್ಕವನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಶ್ರೋತೃಗಳು ಕಾಗದವಿಲ್ಲದೆಯೇ ಪ್ರಯತ್ನಿಸಬಹುದು. ಮೂವರು ವರ್ತಕರು ದಾರಿಯಲ್ಲಿ ಬಿದ್ದಿದ್ದ ಹಣದ ಚೀಲವೊಂದನ್ನು ಕಂಡರು. ಮೊದಲನೆಯವನು, ‘ಈ ಚೀಲ ನನಗೆ ದೊರೆತರೆ ನಿಮ್ಮಿಬ್ಬರ ಹಣದ ಎರಡರಷ್ಟು ನನ್ನಲ್ಲಿರುವುದು’ ಎಂದನು. ಎರಡನೆಯವನು, ‘ನನಗೆ ದೊರೆತರೆ ನಿಮ್ಮಿಬ್ಬರ ಹಣದ ಮೂರರಷ್ಟಾಗುವುದು’ ಎಂದನು. ಮೂರನೆಯವನು, ‘ನನಗೆ ದೊರೆತರೆ ಐದರಷ್ಟು’ ಎಂದನು. ಚೀಲದಲ್ಲಿ ಎಷ್ಟಿತ್ತು? ಒಬ್ಬೊಬ್ಬರ ಕೈಯಲ್ಲಿ ಎಷ್ಟಿತ್ತು?

ಇಲ್ಲಿ ಕೊಂಚ ತಡೆಯಬೇಕು. ಆಕಾಶವಾಣಿಯಲ್ಲಿ ಒಗಟು ಹೇಳುವವನ ಕಷ್ಟ ಇದೇ: ನೀವು ಉತ್ತರವನ್ನು ಕೂಗಿ ಹೇಳಿದರೂ ನಮಗೆ ಕೇಳಿಸದು, ಸೋತೆವೆಂದು ಒಪ್ಪಿಕೊಂಡರೂ ಕೇಳಿಸದು.

ಎರಡನೆಯ ಸಲ ಸಿಂಗಸಂದ್ರಕ್ಕೆ ಹೋದಾಗ ಈ ಲೆಕ್ಕವನ್ನು ನಾವು ಅಲ್ಲಿ ಇಟ್ಟೆವು. ಎಂಜಿನಿಯರು ಒಡನೆಯೇ ಅವ್ಯಕ್ತರಾಶಿಗಳಿಗೆ ಹೆಸರಿಟ್ಟು ಸಮೀಕರಣಗಳನ್ನು ಬರೆಯತೊಡಗಿದನು. ಅಂಗಡಿಯ ಲೆಕ್ಕವನ್ನು ಮೂವತ್ತು ವರ್ಷ ಬರೆದಿದ್ದ ನಮ್ಮ ಮಿತ್ರರು ಬೇರೊಂದು ದಾರಿ ಹಿಡಿದರು. ಚೀಲವೂ ಮೂವರ ಹಣವೂ ಕೂಡಿದ ಒಟ್ಟು ಮೊತ್ತವನ್ನು ನೋಡಿ, ಎಂದರು ಅವರು. ಮೊದಲನೆಯವನ ಮಾತಿನಂತೆ ಅವನದೂ ಚೀಲವೂ ಸೇರಿ ಎರಡು ಪಾಲು, ಉಳಿದಿಬ್ಬರದು ಒಂದು ಪಾಲು. ಆದುದರಿಂದ ಉಳಿದಿಬ್ಬರ ಹಣ ಒಟ್ಟಿನಲ್ಲಿ ಮೂರರಲ್ಲೊಂದು. ಹಾಗೆಯೇ ಎರಡನೆಯವನನ್ನು ಬಿಟ್ಟು ಉಳಿದಿಬ್ಬರದು ನಾಲ್ಕರಲ್ಲೊಂದು. ಮೂರನೆಯವನನ್ನು ಬಿಟ್ಟು ಉಳಿದಿಬ್ಬರದು ಆರರಲ್ಲೊಂದು. ಒಟ್ಟನ್ನು ೧೨ ಎಂದಿಟ್ಟರೆ ೪, ೩, ೨ ಬರುವುದು; ಆದರೆ ಇವುಗಳನ್ನು ಕೂಡಿದರೆ ೯, ಒಬ್ಬೊಬ್ಬನನ್ನು ಎರಡೆರಡು ಸಲ ಎಣಿಸಿರುವುದರಿಂದ ಅದನ್ನು ಅರ್ಧಮಾಡಬೇಕು, ಅರೆ ಉಳಿದುಬಿಡುವುದು. ಆದುದರಿಂದ ೨೪ ಎಂದಿಡೋಣ. ಆಗ ೮, ೬, ೪, ಕೂಡಿದರೆ ೧೮, ಅರ್ಧ ೯. ಮೂವರ ಹಣ ಸೇರಿ ೯, ಚೀಲದಲ್ಲಿ ೧೫. ಒಂಬತ್ತರಲ್ಲಿ ಎಂಟು ಕಳೆದರೆ ಮೊದಲನೆಯವನಿಗೆ ೧, ಆರು ಕಳೆದರೆ ಎರಡನೆಯವನಿಗೆ ೩, ನಾಲ್ಕು ಕಳೆದರೆ ಮೂರನೆಯವನಿಗೆ ೫. ಎಂಜಿನಿಯರ ಸಮೀಕರಣಗಳು ಆ ವೇಳೆಗೆ ಅರ್ಧ ದಾರಿಯಲ್ಲಿದ್ದುವು. ಮುದುಕಮ್ಮನವರು ಕೇಳಿದ ಪ್ರಶ್ನೆ ಮಾತ್ರ ಇವರಿಬ್ಬರಿಗೂ ಹೊಳೆದಿರಲಿಲ್ಲ, ಮಹಾವೀರನಿಗೂ ಹೊಳೆದಂತಿಲ್ಲ: “ಚೀಲ ಕಳಕೊಂಡೋನು ಯಾರು?”

ಮಹಾವೀರನು ಸಂಖ್ಯೆಗಳಿಂದ ಕಂಠಾಭರಣಗಳನ್ನೂ ಮಾಡಿದನು. ಗುಣಿಸಿ ಬಂದ ಫಲವನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಹಾರದ ಮಣಿಗಳಂತೆ ಎರಡು ಕಡೆಯೂ ಸಮ. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧. ಮೊಮ್ಮಗನು ಇದನ್ನು ತನ್ನ ಯಂತ್ರದಲ್ಲಿ ಗುಣಿಸಿ ನೋಡಿ, ತಪ್ಪಿರಬಹುದೆಂದು ಇನ್ನೊಮ್ಮೆ ಗುಣಿಸಿದನು.

ಇಂತಹ ಮಹಾನುಭಾವನೂ ಒಂದು ಕಡೆ ಎಡವಿರುವನು. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೆಯೇ ಉಳಿಯುವುದೆಂದು ಬರೆದುಬಿಟ್ಟನು. ಹಂಚಿಕೊಳ್ಳುವವರು ಯಾರೂ ಇಲ್ಲದಿದ್ದರೆ ಹಣ್ಣು ಬುಟ್ಟಿಯಲ್ಲೇ ಇರುವುದಷ್ಟೆ ಎಂದು ಭಾವಿಸಿರಬೇಕು. ಮುನ್ನೂರು ವರ್ಷಗಳ ತರುವಾಯ ಭಾಸ್ಕರಾಚಾರ್ಯನು ಅಂತಹ ರಾಶಿಯನ್ನು ಖಹರವೆಂದು ಕರೆದು, ಅದಕ್ಕೆ ಏನನ್ನು ಕೂಡಿದರೂ ಕಳೆದರೂ ವಿಕಾರವಿಲ್ಲವೆಂದು ಅನಂತದ ಕಡೆಗೆ ಕೈತೋರಿದನು. ೧೧೧೪ರಲ್ಲಿ ಹುಟ್ಟಿದ ಈ ಭಾಸ್ಕರನ ಊರು ನಮ್ಮ ವಿಜಾಪುರವೆಂದು ಕೆಲವರೂ, ಖಾನದೇಶದ ಪಾಟಣದ ಸೀಮೆಯೆಂದು ಕೆಲವರೂ ವಾದಿಸುವರು. ೧೧೫೦ರ ಅವನ ಲೀಲಾವತಿಯಲ್ಲಿ ಸಿಂಗಸಂದ್ರದಂತಹ ಕೆರೆಯೂರಿಗೆ ಒಪ್ಪುವ ಲೆಕ್ಕವೊಂದುಂಟು. ನಾಲ್ಕು ಕಾಲುವೆಗಳು ಬೇರೆ ಬೇರೆಯಾಗಿ ಹರಿದರೆ ಒಂದು ತೊಟ್ಟಿಯನ್ನು ಒಂದು ದಿನ, ಅರ್ಧ ದಿನ, ದಿನದ ಮೂರರಲ್ಲೊಂದು, ಆರರಲ್ಲೊಂದು ಹೊತ್ತಿನಲ್ಲಿ ತುಂಬಿಸುವುವು, ಕೂಡಿ ಹರಿದರೆ? ದಿನವೊಂದಕ್ಕೆ ೧, ೨, ೩, ೬ ತೊಟ್ಟಿ, ಒಟ್ಟು ೧೨. ಆದುದರಿಂದ ದಿನದ ಹನ್ನೆರಡರಲ್ಲೊಂದು. ಕನ್ನಡದಲ್ಲಿಯೇ ಲೆಕ್ಕವನ್ನು ಬರೆದ ಕೀರ್ತಿ ಅದೇ ಹನ್ನೆರಡನೆಯ ಶತಮಾನದ ರಾಜಾದಿತ್ಯನಿಗೆ ಸಲ್ಲುವುದು. ಅವನ ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದುವು ಅಂಗಡಿಯವನಿಗೂ ಹೊಲ ಅಳೆಯುವವನಿಗೂ ಆಗಿಬರುವಂತೆ ಹುಟ್ಟಿದುವು.

ಮಹಾವೀರನ ಕಾಲಕ್ಕೆ ಈ ಸಿಂಗಸಂದ್ರದ ಸೀಮೆ ಕಾಡಾಗಿತ್ತೆಂದು ಯಾರೂ ತಿಳಿಯಬೇಕಾಗಿಲ್ಲ. ಎರಡು ಮೂರು ಮೈಲಿ ದೂರದ ಬೇಗೂರಿನ ದೇವಾಲಯದಲ್ಲಿ ಕ್ರಿ. ಶ. ೮೯೦ರ ಸುಮಾರಿನ ವೀರಗಲ್ಲೊಂದಿದೆ; ಬೆಂಗಳೂರೆಂಬ ಹೆಸರು, ಆ ಊರಿನ ಕಾಳಗದ ಪ್ರಸಂಗದಲ್ಲಿ, ಅದರಲ್ಲಿ ಬಂದಿದೆ. ಬೆಂದಕಾಳೂರಿನ ಕಥೆಯನ್ನು ನಂಬಿದವರಿಗೆ ಆ ಕಲ್ಲು ಒಂದು ಒಗಟಿಗೆ ಸಮಾನ.

ಲೆಕ್ಕದ ಸಮಸ್ಯೆಗೆ ಉತ್ತರ ಒಂದೇ. ಮಾತಿನ ಸಮಸ್ಯೆ ಹಾಗಲ್ಲ. ಅಲ್ಲಮಪ್ರಭು ಮೊದಲಾದ ಶರಣರ ಬೆಡಗಿನ ವಚನಗಳಲ್ಲಿ ಹೊರಗಣ ಅರ್ಥವು ನಗೆಯನ್ನೋ ಬೆರಗನ್ನೋ ಹುಟ್ಟಿಸಿ ಬಾಗಿಲಲ್ಲೇ ನಿಲ್ಲಿಸುವುದು. ಒಳಗೆ ಹೋಗಬೇಕಾದರೆ ಗುರುವಿನ ಕೈ ಬೇಕು. ಅದಕ್ಕೆಂದೇ ಮುಂದಿನ ತಲೆಮಾರಿನವರು ಅವಕ್ಕೆ ಟೀಕೆಗಳನ್ನು ಬರೆದರು. ದಾಸರಲ್ಲಿ ಕನಕದಾಸರ ಮುಂಡಿಗೆಗಳು ಪ್ರಸಿದ್ಧ. ಬಿಡಿಸಬಲ್ಲವರು ಬಿಡಿಸಿರೆಂದು ನಾಲ್ವರ ನಡುವೆ ಒಡ್ಡುವ ಸವಾಲು ಅದು. ಕುರುಬರ ಕುಲದಲ್ಲಿ ಹುಟ್ಟಿದವರೊಬ್ಬರು ಪಂಡಿತರ ಮುಂದೆ ಇಂತಹ ಸವಾಲನ್ನು ನೆಟ್ಟುದರಲ್ಲಿ ಬರಿಯ ವಿನೋದವಿದ್ದಿತೆಂದು ನಾವು ನಂಬಲಾರೆವು. ಉತ್ತರ ತಿಳಿದವನ ಮುಂದೆ ತಿಳಿಯದವನು ತಲೆಬಾಗಲೇಬೇಕು. ಅಷ್ಟು ಹೊತ್ತಾದರೂ ಕುಲವೂ ಪೀಠವೂ ಹಿಂದೆ ಸರಿಯುವುವು. ಸಿಂಗಸಂದ್ರದ ಹಜಾರದಲ್ಲಿಯೂ, ಅಕ್ಷರವನ್ನು ಹೆಚ್ಚಾಗಿ ಕಲಿಯದ ಮುದುಕಮ್ಮನವರು ಎಂಜಿನಿಯರನನ್ನು ಆಳಿದರಷ್ಟೆ.

ಉತ್ತರ ಕರ್ಣಾಟಕದ ಮದುವೆಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಪ್ರಾಸದ ಮಾತಿನಲ್ಲಿ ಹೊದಿಸಿ ಹೇಳುವುದನ್ನು ಒಡಪೆನ್ನುವರು. ಹೇಳಬಾರದುದನ್ನು ಹೇಳಿಸುವ ಉಪಾಯ ಅದು. ಎಂಜಿನಿಯರನು ತನ್ನ ತಾಯಿಗೆ ಇಂತಹವು ಹತ್ತಾರು ಬರುವುವೆಂದೂ, ತಾನು ಒಂದನ್ನೂ ಬರೆದಿಟ್ಟುಕೊಂಡಿಲ್ಲವೆಂದೂ ಹೇಳಿದನು. ಬರೆದಿಟ್ಟುಕೊಳ್ಳುವಂತೆ ನಾವು ಹೇಳಿದೆವು. ತರುಣರು ‘ಆಗಲಿ’ ಎನ್ನುವ ರೀತಿಯಲ್ಲಿ ‘ಆಗಲಿ’ ಎಂದನು.

ಮೈಸೂರಿನವರಾಗಿ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ನೆನೆಯದೆ ಮುಂದುವರಿಯುವಂತಿಲ್ಲ. ೧೭೯೪ರಲ್ಲಿ ಹುಟ್ಟಿ, ಐದನೆಯ ವಯಸ್ಸಿನಲ್ಲಿ ಪಟ್ಟವೇರಿ, ೧೮೩೧ರಲ್ಲಿ ರಾಜ್ಯಭಾರವು ಇಂಗ್ಲಿಷರ ಕೈಗೆ ಹೋದ ಮೇಲೆ ಮೂವತ್ತೇಳು ವರ್ಷ ಅರಮನೆಯಲ್ಲಿ ಬಾಳಿ, ೧೮೬೮ರಲ್ಲಿ ತೀರಿಕೊಂಡ ಅರಸರು ಅವರು. ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯು ಆಟಗಳಿಗೇ ಮೀಸಲು. ಚದುರಂಗದ ಕುದುರೆಯನ್ನು ಅದರ ನಡೆಯಿಂದಲೇ ಅರುವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದೇ ಸಲ ನಡೆಸಿ ಮುಗಿಸಬೇಕು. ಈ ಸಮಸ್ಯೆಯ ಮೇಲೆ ಅವರಿಗೆ ಬಹಳ ಮಮತೆ. ಇದು ಹಳೆಯ ವಿದ್ಯೆ. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟನು ಕುದುರೆಯ ನಡೆಯಿಂದ ಓದಿದರೂ ಶ್ಲೋಕವೇ ಆಗುವ ಚಿತ್ರಬಂಧವನ್ನು ತೋರಿಸಿರುವನು. ಯೂರೋಪಿನಲ್ಲಿ ಆಯ್ಲರನು ೧೭೫೯ರಲ್ಲಿ ಇದನ್ನು ಗಣಿತದ ವಿಷಯವನ್ನಾಗಿ ಮಾಡಿದನು. ಕುದುರೆ ಮೆಟ್ಟಿದ ಮನೆಗಳಿಗೆ ೧ರಿಂದ ಅನುಕ್ರಮವಾಗಿ ಸಂಖ್ಯೆಯಿಟ್ಟಾಗ ಅಡ್ಡಸಾಲು ಉದ್ದಸಾಲುಗಳೆಲ್ಲ ಒಂದೇ ಮೊತ್ತವಾಗುವುದು ಇನ್ನೂ ಕಠಿನ. ಅಂತಹ ಎಂಟು ಮನೆಯ ಹಲಗೆಯೊಂದನ್ನು ಬೆವರ್ಲಿ ಎಂಬ ಇಂಗ್ಲಿಷರವನು ೧೮೪೮ರಲ್ಲಿ ಪ್ರಕಟಿಸಿದನು. ಆದರೆ ಕರ್ಣಗಳ ಮೊತ್ತ ಕೂಡಿಬರಲಿಲ್ಲ. ಹನ್ನೆರಡು ಹನ್ನೆರಡು ಮನೆಗಳ ಹಲಗೆಯಲ್ಲಿ, ಸಾಲುಗಳೂ ಕರ್ಣಗಳೂ ಎಲ್ಲವೂ ೮೭೦ ಆಗುವಂತೆ ಕುದುರೆಯನ್ನು ನಡೆಸಿದ ಮೊದಲಿಗನೆಂದು ಚದುರಂಗದ ಇತಿಹಾಸಕಾರರು ಮೈಸೂರಿನ ಈ ದೊರೆಯನ್ನು ಹೆಸರಿಸುವರು. ಎಂಟು ಮನೆಯ ಹಲಗೆಯಲ್ಲಿ ಕರ್ಣಗಳೂ ಕೂಡಿಬರುವಂತೆ ಮಾಡುವುದು ಸಾಧ್ಯವೆ? ಸಾಧ್ಯವೇ ಇಲ್ಲವೆಂಬುದು ೨೦೦೩ರ ಆಗಸ್ಟಿನಲ್ಲಿ, ಗಣಕಯಂತ್ರಗಳು ಎರಡು ತಿಂಗಳ ಕಾಲ ಎಲ್ಲ ದಾರಿಗಳನ್ನೂ ತಡಕಿದ ಮೇಲೆ ತಿಳಿದುಬಂತು.

ರಾಜ್ಯವನ್ನು ಕಳೆದುಕೊಂಡ ದೊರೆ ಹಲಗೆಯ ಮೇಲೆ ಕುದುರೆಯನ್ನು ಓಡಿಸುತ್ತಿದ್ದನೆಂದು ಕೆಲವರು ಮರುಕಪಡುವರು, ಕೆಲವರು ಹಾಸ್ಯಮಾಡುವರು. ನಮಗೆ ಎರಡೂ ಸುಲಭವಾಗಿ ಬಾರವು. ೧೮೩೧ರ ವ್ಯವಹಾರದಲ್ಲಿ ಯಾರ ತಪ್ಪೆಷ್ಟು ಎಂಬ ಸಮಸ್ಯೆಗೆ ಇತಿಹಾಸಕಾರರು ಕೊಟ್ಟಿರುವ ಉತ್ತರಗಳು ಕೂಡಿಬಂದಿಲ್ಲ. ಅವರ ಹಲಗೆಯ ಸಾಲುಗಳಾದರೋ ಯಾವ ಕಡೆಯಿಂದ ಕೂಡಿದರೂ ೮೭೦.

ನಮ್ಮ ಕಾಲದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು ೧೯೮೦ರ ಜೂನ್ ೧೮ರಂದು ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಇಪ್ಪತ್ತೆಂಟು ಸೆಕೆಂಡುಗಳಲ್ಲಿ ಗುಣಿಸಿದುದು ಲೋಕಕ್ಕೆಲ್ಲ ತಿಳಿದಿದೆ. ಅವರು ಲೆಕ್ಕದ ಸಮಸ್ಯೆಗಳ ಪುಸ್ತಕಗಳನ್ನೂ ಬರೆದರು. ಅದ್ಭುತಕ್ಕೆ ಚಪ್ಪಾಳೆ ತಟ್ಟಿದವರಿಗಿಂತ ಆ ಪುಸ್ತಕಗಳನ್ನು ಹಿಡಿದು ಕುಳಿತ ಮಕ್ಕಳ ಮೇಲೆ ನಮಗೆ ಹೆಚ್ಚು ವಿಶ್ವಾಸ.

ಇಷ್ಟೆಲ್ಲ ಓದಿದರೂ ಕೆರೆಯ ಒಗಟು ಬಿಡಲಿಲ್ಲ. ಬಿಟ್ಟುದು, ಅಥವಾ ಬಿಟ್ಟಿತೆಂದು ನಾವು ತಿಳಿದುದು, ಕಾವ್ಯಶಾಸ್ತ್ರದಲ್ಲಿಯೂ ಅಲ್ಲ, ಗಣಿತದಲ್ಲಿಯೂ ಅಲ್ಲ; ಶಾಸನಗಳಲ್ಲಿ. ನಮ್ಮ ನಾಡಿನ ಶಾಸನಗಳಲ್ಲಿ ಕೆರೆಯನ್ನು ಕಟ್ಟಿಸಿದವನಿಗೂ ಕಾಪಾಡುವವನಿಗೂ ಕಟ್ಟುಗೊಡಗೆಯೆಂದು ಭೂಮಿ ಬಿಟ್ಟ ಸಂಗತಿ ಮತ್ತೆ ಮತ್ತೆ ಬರುವುದು. ಕೆರೆಯ ಹೂಳನ್ನು ತೆಗೆದು ಸಾಗಿಸುವ ಬಂಡಿಗಾಗಿ, ಅದನ್ನು ಎಳೆಯುವ ಕೋಣಗಳಿಗಾಗಿ, ಹೊಡೆಯುವ ಆಳಿಗಾಗಿ ಬಿಟ್ಟ ದತ್ತಿಗಳೂ ಉಂಟು. ಓದುತ್ತಿದ್ದಂತೆ ಪುಸ್ತಕವನ್ನು ಕೆಳಗಿಟ್ಟೆವು. ಕೆರೆ ತುಂಬಿದ್ದಾಗ ಬಂಡಿ ಬರಿದು. ಕೆರೆ ಬತ್ತಿದಾಗ ರೈತರು ಗೋಡುಮಣ್ಣನ್ನು ತೋಡಿ ಹೊಲಕ್ಕೆ ಸಾಗಿಸುವರು, ಬಂಡಿ ತುಂಬುವುದು. ನೀರು ಹೋದ ವರ್ಷವೇ ಮಣ್ಣು ಬರುವ ವರ್ಷ. ಆ ಮಣ್ಣಿನಿಂದ ಹೊಲಕ್ಕೆ ಸಾರ, ಆ ತೋಡಿನಿಂದ ಕೆರೆಗೆ ಆಳ.

ಆ ಉತ್ತರ ಏಕೆ ಮರೆತುಹೋಯಿತೆಂಬುದೂ ಆಗ ತಿಳಿದಂತಾಯಿತು. ಹೊಲವಿಲ್ಲದ ಮೇಲೆ ಗೋಡು ಯಾರಿಗೆ ಬೇಕು, ಬಂಡಿ ಎಲ್ಲಿಗೆ ಹೋಗಬೇಕು? ಹುಡುಗನಿಗೆ ಆಟದ ಬಯಲು ಹೊಳೆಯಿತು, ತರುಣನಿಗೆ ಟ್ಯಾಂಕರು ಹೊಳೆಯಿತು. ಒಬ್ಬೊಬ್ಬರೂ ತಾವು ಕಂಡ ಕೆರೆಯಿಂದಲೇ ಉತ್ತರ ಮೊಗೆದರು.

೨೦೨೫ರ ಆಗಸ್ಟ್ ೧೦ರಂದು ಮೆಟ್ರೋ ರೈಲಿನ ಹಳದಿ ಮಾರ್ಗ ತೆರೆದ ಮೇಲೆ ಸಿಂಗಸಂದ್ರಕ್ಕೆ ಅದರದೇ ನಿಲ್ದಾಣವುಂಟು. ಅಲ್ಲಿ ಇಳಿದು ನಾವು ಮಿತ್ರರ ಮನೆಗೆ ಹೋದೆವು. ಮುದುಕಮ್ಮನವರು ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು, ಮೊಮ್ಮಗನು ಪಕ್ಕದಲ್ಲಿದ್ದನು. ಪರೀಕ್ಷೆಯಲ್ಲಿ ಮೊದಲು ಎದ್ದು ನಿಂತ ಹುಡುಗನ ಉತ್ಸಾಹದಿಂದ, “ಬಂಡಿ ಅಲ್ಲವೆ ಅಮ್ಮಾ? ಹೂಳು ಹೊಡೆಯುವ ಬಂಡಿ?” ಎಂದೆವು.

ಅವರ ಕೈ ನಿಂತಿತು. “ಬಂಡಿ... ಹೌದಪ್ಪಾ, ನಮ್ಮಪ್ಪ ಹೂಳು ಹೊಡೀತಿದ್ರು. ಸಾಲಾಗಿ ಗಾಡಿ ಕಟ್ಕೊಂಡು ಹೋಗೋರು. ನಾನು ಹಿಂದ್ಗಡೆ ಕೂತ್ಕೊಂಡು ಬರ್ತಿದ್ದೆ.” ಬಹಳ ಹೊತ್ತು ಅವರು ಆ ಗಾಡಿಗಳ ಮಾತನ್ನೇ ಆಡಿದರು: ಎತ್ತುಗಳ ಹೆಸರು, ಮಣ್ಣಿನ ಬಣ್ಣ, ಕೆರೆಯ ಅಂಗಳದಲ್ಲಿ ಸಿಕ್ಕ ಆಮೆ. ಬುಟ್ಟಿ ತುಂಬಿತು. ಗೆದ್ದೆವೆಂದು ನಾವು ಮನಸ್ಸಿನಲ್ಲೇ ಹಿಗ್ಗುತ್ತಿದ್ದೆವು.

ಆಮೇಲೆ ಅವರು ತಲೆಯೆತ್ತಿ, “ಆದ್ರೆ ಬಂಡಿ ಅಂದ್ರೆ ನಗು ಯಾಕಪ್ಪಾ ಬರ್ಬೇಕು?” ಎಂದರು. “ನಾನು ನಕ್ಕಿದ್ದೆ. ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ.”

ಹುಡುಗನು ಆಗಲೇ ಕಣ್ಣು ಮುಚ್ಚಿಕೊಂಡು ಬೇರೆ ಉತ್ತರವನ್ನು ಹುಡುಕತೊಡಗಿದ್ದನು.